ಯುದ್ಧೋತ್ತರ ಜರ್ಮನಿಯಲ್ಲಿ ನಾಜಿ ನಿವಾರಣೆ: ಪ್ರಶ್ನಾವಳಿಯಿಂದ ಸಾಕ್ಷಿಕಟ್ಟೆಯವರೆಗೆ

1945ರ ಮೇ 8ರಂದು ಜರ್ಮನಿಯು ಮಿತ್ರರಾಷ್ಟ್ರಗಳಿಗೆ ಬೇಷರತ್ತಾಗಿ ಶರಣಾಯಿತು. ಹನ್ನೆರಡು ವರ್ಷಗಳ ಕಾಲ ಆ ದೇಶವನ್ನಾಳಿದ ನ್ಯಾಷನಲ್ ಸೋಷಲಿಸ್ಟ್ ಪಕ್ಷದ ಸದಸ್ಯರ ಸಂಖ್ಯೆ ಆ ಹೊತ್ತಿಗೆ ಸುಮಾರು 85 ಲಕ್ಷದಷ್ಟಿತ್ತು. ಪಕ್ಷದ ಆಶ್ರಯದಲ್ಲಿದ್ದ ಕಾರ್ಮಿಕರಂಗ, ಯುವಕದಳ, ಮಹಿಳಾ ಸಂಘ, ಶಿಕ್ಷಕರ ಒಕ್ಕೂಟ ಮೊದಲಾದ ಅಂಗಸಂಸ್ಥೆಗಳಲ್ಲಿ ಹೆಸರು ಬರೆಸಿದ್ದವರನ್ನೂ ಸೇರಿಸಿಕೊಂಡರೆ, ಇವುಗಳಲ್ಲಿ ಯಾವುದಕ್ಕೂ ಸೇರದೆ ಉಳಿದ ವಯಸ್ಕರು ವಿರಳ. ಸೈನ್ಯವನ್ನು ಸೋಲಿಸುವುದು ಒಂದು ಬಗೆಯ ಕಾರ್ಯ. ಸೋತ ಸಮಾಜದ ನ್ಯಾಯಾಲಯ, ಶಾಲೆ, ಅಂಚೆ ಕಚೇರಿ, ಆಸ್ಪತ್ರೆ, ಪತ್ರಿಕಾಲಯಗಳೊಳಗೆ ನೆಲೆಗೊಂಡ ಒಂದು ಉಗ್ರ ತತ್ತ್ವಪ್ರಣಾಲಿಯನ್ನು ಹೊರಹಾಕುವುದು ಇನ್ನೊಂದು ಬಗೆಯ ಕಾರ್ಯ. ಈ ಎರಡನೆಯ ಕಾರ್ಯವನ್ನು ವಿಜೇತರು ಯಾವ ಉಪಕರಣದಿಂದ ಕೈಗೊಂಡರು, ಆ ಉಪಕರಣವು ಏನನ್ನು ಹಿಡಿಯಿತು, ಏನನ್ನು ಸೋರಿಸಿತು ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ ಪರಿಭಾಷೆಯ ಬಗ್ಗೆ ಒಂದು ಮಾತು. ಜರ್ಮನರು ‘ಎಂಟ್‌ನಾಟ್ಸಿಫಿಟ್ಸೀರುಂಗ್’ ಎಂದು ಕರೆದ ಈ ಪ್ರಕ್ರಿಯೆಗೆ ಕನ್ನಡದಲ್ಲಿ ‘ಶುದ್ಧೀಕರಣ’ ಎಂಬ ಪದ ಸುಲಭವಾಗಿ ನಾಲಿಗೆಗೆ ಬರುತ್ತದೆ. ಆದರೆ ನಾಜಿಗಳು ಯೆಹೂದ್ಯರ ವಿಷಯದಲ್ಲಿ ಬಳಸಿದ ಭಾಷೆಯೇ ಶುದ್ಧಿ ಅಶುದ್ಧಿಗಳ ಭಾಷೆಯಾಗಿತ್ತು. ಆ ರೋಗಕ್ಕೆ ಮಾಡಿದ ಚಿಕಿತ್ಸೆಗೂ ಅದೇ ಹೆಸರನ್ನಿಡುವುದು ಉಚಿತವಲ್ಲವೆಂದು ಇಲ್ಲಿ ‘ನಾಜಿ ನಿವಾರಣೆ’ ಎಂಬ ರೂಪವನ್ನು ಬಳಸಿದ್ದೇನೆ. ಹಾಗಿದ್ದರೂ ತೊಳೆಯುವ, ಮಡಿಯಾಗುವ ರೂಪಕವು ಈ ಚರಿತ್ರೆಯನ್ನು ಬಿಟ್ಟುಹೋಗುವುದಿಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

1945ರ ಜುಲೈ 17ರಿಂದ ಆಗಸ್ಟ್ 2ರವರೆಗೆ ಪೋಟ್ಸ್‌ಡಾಮ್‌ನಲ್ಲಿ ನಡೆದ ಸಮಾವೇಶದಲ್ಲಿ ಮಿತ್ರರಾಷ್ಟ್ರಗಳು ಒಂದು ತತ್ತ್ವವನ್ನು ಒಪ್ಪಿಕೊಂಡವು. ನಾಜಿ ಪಕ್ಷದಲ್ಲಿ ಹೆಸರಿಗಷ್ಟೇ ಅಲ್ಲದೆ ಸಕ್ರಿಯವಾಗಿ ಪಾಲ್ಗೊಂಡವರನ್ನು ಸಾರ್ವಜನಿಕ ಹುದ್ದೆಗಳಿಂದಲೂ ಮುಖ್ಯವಾದ ಖಾಸಗಿ ಹೊಣೆಗಳಿಂದಲೂ ತೆಗೆದುಹಾಕಬೇಕು ಎಂಬುದೇ ಆ ತತ್ತ್ವ. ಅದೇ ವರ್ಷದ ಅಕ್ಟೋಬರ್ 10ರಂದು ಮಿತ್ರರಾಷ್ಟ್ರಗಳ ನಿಯಂತ್ರಣ ಮಂಡಳಿಯು ತನ್ನ ಎರಡನೆಯ ಕಾಯಿದೆಯ ಮೂಲಕ ಪಕ್ಷವನ್ನೂ ಅದರ ಅಂಗಸಂಸ್ಥೆಗಳನ್ನೂ ರದ್ದುಗೊಳಿಸಿತು. ಇಲ್ಲಿಯವರೆಗಿನ ಮಾತು ಸರಳವಾಗಿತ್ತು. ‘ಹೆಸರಿಗಷ್ಟೇ ಸೇರಿದವನು’ ಯಾರು, ‘ಸಕ್ರಿಯನಾಗಿದ್ದವನು’ ಯಾರು ಎಂದು ಬೇರ್ಪಡಿಸಬೇಕಾಗಿ ಬಂದಾಗ ತೊಡಕುಗಳು ಆರಂಭವಾದವು. ಮನಸ್ಸನ್ನು ತೆರೆದು ನೋಡುವ ಉಪಾಯ ಯಾರಲ್ಲಿಯೂ ಇರಲಿಲ್ಲ. ಆದ್ದರಿಂದ ಕಾಗದದ ಮೊರೆಹೊಗಲಾಯಿತು.

ಅಮೆರಿಕನ್ ಆಡಳಿತವು ರೂಪಿಸಿದ ಪ್ರಶ್ನಾವಳಿಯಲ್ಲಿ 131 ಪ್ರಶ್ನೆಗಳಿದ್ದವು. ವ್ಯಕ್ತಿಯ ಎತ್ತರ, ತೂಕ, ಕಣ್ಣು ಕೂದಲುಗಳ ಬಣ್ಣ, ಮೈಮೇಲಿನ ಗಾಯದ ಗುರುತುಗಳಿಂದ ಆರಂಭವಾಗಿ, ಓದಿದ ಶಾಲೆ, ಸೇರಿದ್ದ ಚರ್ಚು, ಮನೆತನಕ್ಕೆ ಇದ್ದ ಬಿರುದು, 1931ರಿಂದ ಆಚೆಗಿನ ಆದಾಯ, ಮಾಡಿದ ಭಾಷಣ, ಬರೆದ ಬರಹ, ಕೈಗೊಂಡ ವಿದೇಶ ಪ್ರವಾಸ ಎಲ್ಲವನ್ನೂ ಅದು ಕೇಳುತ್ತಿತ್ತು. ಪಕ್ಷಕ್ಕೂ ಅದರ ಹತ್ತಾರು ಅಂಗಸಂಸ್ಥೆಗಳಿಗೂ ಯಾವಾಗ ಸೇರಿದೆ, ಯಾವ ಹುದ್ದೆಯಲ್ಲಿದ್ದೆ, ಯಾವಾಗ ಬಿಟ್ಟೆ ಎಂಬುದಕ್ಕೆ ಉದ್ದನೆಯ ಕೋಷ್ಟಕವಿತ್ತು. 1932ರ ನವೆಂಬರ್ ಮತ್ತು 1933ರ ಮಾರ್ಚ್ ಚುನಾವಣೆಗಳಲ್ಲಿ ಯಾರಿಗೆ ಮತ ಹಾಕಿದೆ ಎಂಬ ಪ್ರಶ್ನೆಯೂ ಅದರಲ್ಲಿತ್ತು. ಗುಪ್ತ ಮತದಾನವನ್ನು ಕಲಿಸಲು ಬಂದವರೇ ಮತದ ಗುಟ್ಟನ್ನು ಕೇಳಿದರೆಂಬುದು ಗಮನಾರ್ಹ. ಸುಳ್ಳು ಉತ್ತರ ಶಿಕ್ಷಾರ್ಹ ಅಪರಾಧವಾಗಿತ್ತು. ಜರ್ಮನರ ನೆನಪಿನಲ್ಲಿ ಈ ದಾಖಲೆ ಎಷ್ಟು ಆಳವಾಗಿ ಉಳಿಯಿತೆಂದರೆ, ಬಲಪಂಥೀಯ ಲೇಖಕ ಎರ್ನ್ಸ್ಟ್ ಫಾನ್ ಸಾಲೊಮೊನ್ ಅದರ ಪ್ರಶ್ನೆಗಳಿಗೆ ಉತ್ತರ ಬರೆಯುವ ರೂಪದಲ್ಲಿ ತನ್ನ ಆತ್ಮಕಥೆಯನ್ನೇ ರಚಿಸಿ, ‘ಪ್ರಶ್ನಾವಳಿ’ ಎಂಬ ಹೆಸರಿನಲ್ಲಿ 1951ರಲ್ಲಿ ಪ್ರಕಟಿಸಿದನು. ವಿಜೇತರನ್ನು ಗೇಲಿಮಾಡುವ ಆ ಗ್ರಂಥವು ಅಪಾರವಾಗಿ ಮಾರಾಟವಾಯಿತು.

ಪ್ರಶ್ನಾವಳಿಯ ರಚನೆಯಲ್ಲಿಯೇ ಒಂದು ಮೂಲಭೂತ ದೋಷವಿತ್ತೆಂಬುದು ನನ್ನ ಅಭಿಪ್ರಾಯ. ಅದು ವ್ಯಕ್ತಿಯು ಯಾವುದಕ್ಕೆ ಸೇರಿದ್ದನೆಂದು ಕೇಳಿತು. ಏನು ಮಾಡಿದನೆಂದು ಕೇಳುವ ಬಗೆ ಅದಕ್ಕೆ ತಿಳಿದಿರಲಿಲ್ಲ. ನೌಕರಿ ಉಳಿಸಿಕೊಳ್ಳಲು 1937ರಲ್ಲಿ ಸದಸ್ಯನಾದ ಹಳ್ಳಿಯ ಶಾಲಾಮಾಸ್ತರನು ಅದರ ಬಲೆಗೆ ನೇರವಾಗಿ ಬೀಳುತ್ತಿದ್ದನು. ಪಕ್ಷದ ಸದಸ್ಯತ್ವವಿಲ್ಲದೆ ಪಕ್ಷದ ಕಾಯಿದೆಗಳಿಗೆ ಶಾಸ್ತ್ರೀಯ ರೂಪ ಕೊಟ್ಟ ಅಧಿಕಾರಿಯು ಅದರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹಾನ್ಸ್ ಗ್ಲೋಬ್ಕೆ ಇದಕ್ಕೆ ಸ್ಪಷ್ಟ ನಿದರ್ಶನ. ಯೆಹೂದ್ಯರ ನಾಗರಿಕ ಹಕ್ಕುಗಳನ್ನು ಕಿತ್ತುಕೊಂಡ 1935ರ ನ್ಯೂರೆಂಬರ್ಗ್ ಜನಾಂಗ ಕಾಯಿದೆಗಳಿಗೆ 1936ರಲ್ಲಿ ಅಧಿಕೃತ ಭಾಷ್ಯ ಬರೆದವರಲ್ಲಿ ಆತನೂ ಒಬ್ಬ. ಪಕ್ಷಕ್ಕೆ ಸೇರಲು ಆತನು ಸಲ್ಲಿಸಿದ ಅರ್ಜಿಯು, ಹಿಂದೆ ಕ್ಯಾಥೊಲಿಕ್ ಪಕ್ಷದೊಡನೆ ಇದ್ದ ನಂಟಿನ ಕಾರಣದಿಂದ, ತಿರಸ್ಕೃತವಾಗಿತ್ತು. ನಾಜಿಗಳ ಆ ತಿರಸ್ಕಾರವೇ ಯುದ್ಧಾನಂತರ ಆತನ ರಕ್ಷಾಕವಚವಾಯಿತು. 1953ರಿಂದ 1963ರವರೆಗೆ ಆತನು ಪಶ್ಚಿಮ ಜರ್ಮನಿಯ ಪ್ರಧಾನಿ ಕಾರ್ಯಾಲಯದ ಮುಖ್ಯಸ್ಥನಾಗಿದ್ದನು.

ಮೊದಲ ತಿಂಗಳುಗಳಲ್ಲಿ ಅಮೆರಿಕನ್ನರು ತೋರಿದ ಬಿಗಿ ಅಸಾಧಾರಣವಾದುದು. 1945ರ ಸೆಪ್ಟೆಂಬರ್ 26ರ ಎಂಟನೆಯ ಕಾಯಿದೆಯ ಮೇರೆಗೆ ಪಕ್ಷದ ಸದಸ್ಯರಾಗಿದ್ದವರನ್ನು ಖಾಸಗಿ ಉದ್ಯಮಗಳಲ್ಲಿಯೂ ಸಾಮಾನ್ಯ ಕೂಲಿಯ ಹೊರತು ಬೇರೆ ಕೆಲಸಕ್ಕೆ ಇಟ್ಟುಕೊಳ್ಳುವಂತಿರಲಿಲ್ಲ. ಅದೇ ತಿಂಗಳು ಬವೇರಿಯದ ಹೊಣೆ ಹೊತ್ತಿದ್ದ ಸೇನಾಪತಿ ಪ್ಯಾಟನ್, ನಾಜಿಗಳೂ ಅಲ್ಲದವರೂ ಅಮೆರಿಕದ ಎರಡು ಪಕ್ಷಗಳಿದ್ದಂತೆ ಎಂಬ ಅರ್ಥದ ಮಾತನಾಡಿ ತನ್ನ ಅಧಿಕಾರವನ್ನು ಕಳೆದುಕೊಂಡನು. ಆದರೆ ಈ ಬಿಗಿಯನ್ನು ನಡೆಸಿಕೊಂಡುಹೋಗಲು ಬೇಕಾದ ಜನಬಲ ಅಮೆರಿಕನ್ನರಲ್ಲಿ ಇರಲಿಲ್ಲ. ಸೈನಿಕರು ಹಿಂಡುಹಿಂಡಾಗಿ ತಾಯ್ನಾಡಿಗೆ ಮರಳುತ್ತಿದ್ದರು. ಹೀಗಾಗಿ ಕೆಲಸವನ್ನು ಜರ್ಮನರ ಕೈಗೇ ಒಪ್ಪಿಸುವ ನಿರ್ಧಾರವಾಯಿತು. 1946ರ ಮಾರ್ಚ್ 5ರಂದು ಮ್ಯೂನಿಕ್ ನಗರದಲ್ಲಿ ಬವೇರಿಯ, ಹೆಸ್ಸೆನ್ ಮತ್ತು ವ್ಯೂರ್ಟೆಂಬೆರ್ಗ್-ಬಾಡೆನ್ ಪ್ರಾಂತಗಳ ಮುಖ್ಯಸ್ಥರು ‘ನಾಜಿವಾದ ಮತ್ತು ಸೈನಿಕವಾದಗಳಿಂದ ವಿಮೋಚನೆಯ ಕಾಯಿದೆ’ಗೆ ಸಹಿ ಹಾಕಿದರು. (ಈ ಪೈಕಿ ವ್ಯೂರ್ಟೆಂಬೆರ್ಗ್, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹೆರ್ಮನ್ ಮ್ಯೋಗ್ಲಿಂಗನ ತಾಯ್ನಾಡೆಂದು ಕನ್ನಡ ಸಂಶೋಧಕರಿಗೆ ಪರಿಚಿತ.)

ಈ ಕಾಯಿದೆಯ ಪ್ರಕಾರ ಹದಿನೆಂಟು ವರ್ಷ ಮೀರಿದ ಪ್ರತಿಯೊಬ್ಬರೂ ನೋಂದಣಿ ಪತ್ರವನ್ನು ತುಂಬಬೇಕಾಗಿತ್ತು. ತುಂಬಿದ ರಸೀದಿ ತೋರಿಸದವರಿಗೆ ಪಡಿತರ ಚೀಟಿ ದೊರೆಯುತ್ತಿರಲಿಲ್ಲ. ಅಮೆರಿಕನ್ ವಲಯವೊಂದರಲ್ಲಿಯೇ 1 ಕೋಟಿ 30 ಲಕ್ಷದಷ್ಟು ಪತ್ರಗಳು ಬಂದು ಬಿದ್ದವು. ಅವುಗಳಲ್ಲಿ ಸುಮಾರು 36 ಲಕ್ಷ ಮಂದಿ ಕಾಯಿದೆಯ ವ್ಯಾಪ್ತಿಗೆ ಒಳಪಟ್ಟರು. ವಿಚಾರಣೆಗಾಗಿ ‘ಶ್ಪ್ರುಖ್‌ಕಾಮರ್’ ಎಂಬ 545 ತೀರ್ಪು ಮಂಡಳಿಗಳು ರಚಿತವಾದವು. 22,000ಕ್ಕೂ ಮಿಕ್ಕ ಜನ ಅವುಗಳಲ್ಲಿ ದುಡಿದರು. ಮಂಡಳಿಯ ಸದಸ್ಯರಲ್ಲಿ ಬಹುಮಂದಿ ವೃತ್ತಿಪರ ನ್ಯಾಯಾಧೀಶರಲ್ಲ, ನಾಜಿಗಳಿಗೆ ವಿರೋಧವಾಗಿದ್ದ ಸಾಮಾನ್ಯ ನಾಗರಿಕರು. ಮುಂದೆ ನಿಂತವರನ್ನು ಐದು ವರ್ಗಗಳಲ್ಲಿ ಒಂದಕ್ಕೆ ಸೇರಿಸುವುದು ಅವರ ಕೆಲಸ: ಪ್ರಧಾನ ಅಪರಾಧಿ, ಅಪರಾಧಿ, ಲಘು ಅಪರಾಧಿ, ‘ಮಿಟ್‌ಲಾಯ್ಫರ್’, ದೋಷಮುಕ್ತ. ನಾಲ್ಕನೆಯ ಪದಕ್ಕೆ ಜೊತೆಯಲ್ಲಿ ಓಡಿದವನು ಎಂದರ್ಥ. ಊರೆಲ್ಲ ಓಡುತ್ತಿರುವಾಗ ತಾನೂ ಓಡಿದವನು ಎಂಬ ವಿನಾಯಿತಿಯ ಧ್ವನಿ ಆ ಪದದಲ್ಲಿಯೇ ಅಡಗಿದೆ.

ಇಲ್ಲಿ ಆಪಾದನೆಗೆ ಒಳಗಾದವನೇ ತನ್ನ ನಿರ್ದೋಷವನ್ನು ಸಿದ್ಧಪಡಿಸಬೇಕಾಗಿದ್ದುದರಿಂದ, ನಡತೆಯ ಪ್ರಮಾಣಪತ್ರಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಪಾದ್ರಿಗಳು, ವೈದ್ಯರು, ನೆರೆಹೊರೆಯವರು, ಹಳೆಯ ಸಹೋದ್ಯೋಗಿಗಳು ಇಂತಹ ಪತ್ರಗಳನ್ನು ಧಾರಾಳವಾಗಿ ಬರೆದುಕೊಟ್ಟರು. ಇಂದು ನಾನು ನಿನಗೆ ಬರೆದುಕೊಟ್ಟರೆ ನಾಳೆ ನೀನು ನನಗೆ ಎಂಬ ಕೊಡುಕೊಳ್ಳುವಿಕೆ ಊರೂರಿನಲ್ಲಿ ಬೆಳೆಯಿತು. ಬದುಕುಳಿದ ಯೆಹೂದಿ ಪರಿಚಿತನೊಬ್ಬನ ಪತ್ರ ಸಿಕ್ಕಿತೆಂದರೆ ಅದಕ್ಕೆ ಹೆಚ್ಚಿನ ಬೆಲೆ. ಜನರು ಈ ಪತ್ರಗಳಿಗೆ ‘ಪರ್ಸಿಲ್ ಚೀಟಿ’ ಎಂದು ಹೆಸರಿಟ್ಟರು. ಪರ್ಸಿಲ್ ಎಂಬುದು 1907ರಿಂದ ಜರ್ಮನಿಯಲ್ಲಿ ಮನೆಮಾತಾಗಿರುವ ಬಟ್ಟೆ ತೊಳೆಯುವ ಪುಡಿ. ಕಂದು ಬಣ್ಣದ ನಾಜಿ ಅಂಗಿ ಒಳಹೋಗಿ ಬಿಳಿಯದಾಗಿ ಹೊರಬರುತ್ತದೆ ಎಂಬುದು ಹಾಸ್ಯದ ತಿರುಳು. ನಮ್ಮಲ್ಲಿ ಮಡಿ ಎಂಬ ಮಾತು ಒಗೆದ ಬಟ್ಟೆಗೂ ಸಲ್ಲುತ್ತದೆ, ಅದನ್ನುಟ್ಟವನ ಪಾವಿತ್ರ್ಯಕ್ಕೂ ಸಲ್ಲುತ್ತದೆ; ಬಟ್ಟೆ ಒಗೆದಾಕ್ಷಣ ಉಟ್ಟವನ ಒಳಗೂ ಶುಚಿಯಾಯಿತೆ ಎಂಬ ಶಂಕೆಯೂ ನಮ್ಮ ಸಾಹಿತ್ಯದಲ್ಲಿ ಹಳೆಯದು. ಜರ್ಮನರ ಗೇಲಿಮಾತು ಆ ಶಂಕೆಯ ಬಂಧುವೇ ಸರಿ.

ವಿಚಾರಣೆಯ ಕ್ರಮದಲ್ಲಿ ಆದ ಇನ್ನೊಂದು ಎಡವಟ್ಟನ್ನು ವಿವರವಾಗಿ ಹೇಳಬೇಕು. ಕೆಲಸಕ್ಕೆ ಮರಳಲು ಕಾಯುತ್ತಿದ್ದ ಸಣ್ಣ ನೌಕರರ ಒತ್ತಡದಿಂದಾಗಿ ಮಂಡಳಿಗಳು ಹಗುರವಾದ ಪ್ರಕರಣಗಳನ್ನು ಮೊದಲು ಕೈಗೆತ್ತಿಕೊಂಡವು. ಭಾರಿ ಆಪಾದನೆ ಇದ್ದವರು ಬಂಧನ ಶಿಬಿರಗಳಲ್ಲಿ ಸರದಿ ಕಾಯುತ್ತ ಉಳಿದರು. ಮೊದಲು ಬಂದ ಗುಮಾಸ್ತನು 1946ರ ಬಿಸಿಯಲ್ಲಿ ದಂಡ ತೆತ್ತು ಹೋದನು. ಕೊನೆಗೆ ಉಳಿದಿದ್ದ ಅಧಿಕಾರಿಯ ಸರದಿ ಬರುವ ಹೊತ್ತಿಗೆ 1948 ಆಗಿತ್ತು. ಶೀತಲ ಸಮರ ಆರಂಭವಾಗಿ ಅಮೆರಿಕಕ್ಕೆ ಜರ್ಮನರ ನೆರವು ಬೇಕಾಗಿತ್ತು. ಎಲ್ಲವನ್ನೂ ಬೇಗ ಮುಗಿಸುವಂತೆ ಮೇಲಿನಿಂದ ಸೂಚನೆ ಬಂದಿತ್ತು. ಭಾರಿ ಅಪರಾಧಿಗಳು ಅವಸರದಲ್ಲಿ ಹಿಂಬಾಲಕರ ವರ್ಗಕ್ಕೆ ಇಳಿದರು. 1946ರಲ್ಲಿಯೇ ಯುವಜನರಿಗೂ ಬಡವರಿಗೂ ಸಾಮೂಹಿಕ ಕ್ಷಮಾದಾನಗಳು ಘೋಷಿತವಾಗಿದ್ದುದರಿಂದ, 36 ಲಕ್ಷದಲ್ಲಿ ವಿಚಾರಣೆಯಾದದ್ದು ಸುಮಾರು 9.5 ಲಕ್ಷ ಪ್ರಕರಣಗಳು ಮಾತ್ರ. ಅವರಲ್ಲಿ ಪ್ರಧಾನ ಅಪರಾಧಿಗಳೆನಿಸಿಕೊಂಡವರು 1,700ಕ್ಕಿಂತ ಕಡಿಮೆ, ಹಿಂಬಾಲಕರು 4.8 ಲಕ್ಷಕ್ಕೂ ಹೆಚ್ಚು. ಬವೇರಿಯದ ಮಂಡಳಿಗಳ ಕಡತಗಳನ್ನು ಶೋಧಿಸಿದ ಇತಿಹಾಸಕಾರ ಲುಟ್ಸ್ ನೀಟ್‌ಹಾಮರ್ ತಮ್ಮ ಗ್ರಂಥದ 1982ರ ಆವೃತ್ತಿಗೆ ‘ಹಿಂಬಾಲಕರ ಕಾರ್ಖಾನೆ’ ಎಂಬ ಅರ್ಥದ ಹೆಸರನ್ನು ಕೊಟ್ಟದ್ದು ಸಾರ್ಥಕವಾಗಿದೆ.

ಹೀಗೆಂದು ಈ ಪ್ರಯತ್ನವನ್ನು ಬರಿಯ ಪ್ರಹಸನವೆಂದು ತಳ್ಳಿಹಾಕುವುದು ಸರಿಯಲ್ಲ. ವ್ಯಕ್ತಿಗಳ ವಿಷಯದಲ್ಲಿ ಸೋತ ಆಡಳಿತವು ಸಂಸ್ಥೆಗಳ ವಿಷಯದಲ್ಲಿ ಗಟ್ಟಿಯಾದ ಕೆಲಸವನ್ನೇ ಮಾಡಿತು. ನಾಜಿ ಪತ್ರಿಕೆಗಳೆಲ್ಲ ಮುಚ್ಚಿದವು. ಪರವಾನಗಿ ಪಡೆದ ಹೊಸ ಸಂಪಾದಕರು ಹೊಸ ಪತ್ರಿಕೆಗಳನ್ನು ತೆರೆದರು. 1945ರ ಅಕ್ಟೋಬರ್ 6ರಂದು ಮ್ಯೂನಿಕ್‌ನಲ್ಲಿ ‘ಜ್ಯೂಡ್‌ಡಾಯ್ಚ ಟ್ಸೈಟುಂಗ್’ ಪತ್ರಿಕೆಯ ಮೊದಲ ಸಂಚಿಕೆಗೆ ಸೀಸದ ಅಚ್ಚುಫಲಕಗಳನ್ನು ಎರಕಹೊಯ್ಯುವಾಗ, ಹಿಟ್ಲರನ ಆತ್ಮಕಥೆಯ ಅಚ್ಚಿಗೆ ಬಳಸಿದ್ದ ಸೀಸವನ್ನೇ ಕರಗಿಸಲಾಯಿತು. ಶಾಲೆಗಳಲ್ಲಿ ನಾಜಿ ಪಠ್ಯಪುಸ್ತಕಗಳನ್ನು ಹಿಂತೆಗೆದುಕೊಂಡಾಗ ಅವುಗಳ ಜಾಗಕ್ಕೆ ಇಡಲು ಬೇರೆ ಪುಸ್ತಕಗಳಿರಲಿಲ್ಲ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ಶಿಕ್ಷಕರ ಕಾಲೇಜಿನ ಗ್ರಂಥಾಲಯದಲ್ಲಿ 1933ಕ್ಕಿಂತ ಹಿಂದಿನ ಜರ್ಮನ್ ಪಠ್ಯಗಳ ಸಂಗ್ರಹವಿತ್ತು. ಅವನ್ನು ಸೂಕ್ಷ್ಮಚಿತ್ರಗಳಾಗಿ ತೆಗೆದು ಮರುಮುದ್ರಿಸಿ ಮಕ್ಕಳ ಕೈಗೆ ಕೊಡಲಾಯಿತು. ಒಂದು ದೇಶದ ಹಿಂದಿನ ಮನಸ್ಸು ದೂರದೇಶದ ಗ್ರಂಥಾಲಯದ ಕಪಾಟಿನಿಂದ ತಾಯ್ನಾಡಿಗೆ ಮರಳಿದ ಈ ಸಂಗತಿಯು ಗ್ರಂಥಪಾಲಕರಿಗೆ ವಿಶೇಷ ಹೆಮ್ಮೆ ತರಬೇಕು. ನಾಜಿ ಪಕ್ಷವು ಸಾರ್ವಜನಿಕವಾಗಿ ಮತ್ತೆ ತಲೆಯೆತ್ತದಂತೆ ತಡೆಯುವಲ್ಲಿ ಇಂತಹ ಕ್ರಮಗಳು ಸಫಲವಾದವು.

ಆದರೆ ತಲೆಯೊಳಗಿನ ಸ್ಥಿತಿ ಬೇರೆಯಾಗಿತ್ತು. 1945ರ ಏಪ್ರಿಲ್ 16ರಂದು ಅಮೆರಿಕನ್ ಸೈನ್ಯವು ವೈಮಾರ್ ನಗರದ ಸುಮಾರು ಸಾವಿರ ನಾಗರಿಕರನ್ನು ಸಮೀಪದ ಬೂಖೆನ್‌ವಾಲ್ಡ್ ಯಾತನಾ ಶಿಬಿರಕ್ಕೆ ನಡೆಸಿಕೊಂಡು ಹೋಗಿ ಹೆಣಗಳ ರಾಶಿಯನ್ನು ತೋರಿಸಿತ್ತು. ಗ್ಯೋಯ್ಟೆ, ಷಿಲ್ಲರ್ ಬಾಳಿದ ಊರಿನ ಜನ ತಮಗೇನೂ ತಿಳಿದಿರಲಿಲ್ಲವೆಂದರು. ಅಮೆರಿಕನ್ ಆಡಳಿತವು ತನ್ನ ವಲಯದಲ್ಲಿ ಕೈಗೊಂಡ ಸಮೀಕ್ಷೆಗಳಲ್ಲಿ, ನಾಜಿವಾದವು ಒಳ್ಳೆಯ ವಿಚಾರವೇ, ಜಾರಿಗೆ ತಂದ ರೀತಿ ಕೆಟ್ಟದು ಎಂದವರ ಪ್ರಮಾಣ 1946ರ ಕೊನೆಯವರೆಗೆ ಸರಾಸರಿ ಅರ್ಧದ ಆಸುಪಾಸಿನಲ್ಲಿತ್ತು. 1947ರ ಆಗಸ್ಟ್ ವೇಳೆಗೆ ಅದು ಅರ್ಧವನ್ನು ದಾಟಿತು. ತೀರ್ಪು ಮಂಡಳಿಗಳು ಅತ್ಯಂತ ಬಿರುಸಾಗಿ ಕೆಲಸ ಮಾಡಿದ ಕಾಲವೂ ಇದೇ ಆಗಿತ್ತೆಂಬುದನ್ನು ಮರೆಯಲಾಗದು. ಬೂಖೆನ್‌ವಾಲ್ಡ್ ಶಿಬಿರದಲ್ಲಿ ಬಂಧಿಯಾಗಿದ್ದು ಬದುಕಿಬಂದ ಓಯ್ಗೆನ್ ಕೋಗೊನ್ ಇದನ್ನು ಮೊದಲೇ ಗುರುತಿಸಿದವರಲ್ಲಿ ಒಬ್ಬರು. ನಾಜಿ ಶಿಬಿರ ವ್ಯವಸ್ಥೆಯ ಮೊದಲ ಸಮಗ್ರ ಅಧ್ಯಯನವನ್ನು 1946ರಲ್ಲಿ ಪ್ರಕಟಿಸಿದ ಅವರೇ, 1947ರಲ್ಲಿ ಬರೆದ ಲೇಖನದಲ್ಲಿ ರಾಜಕೀಯವಾಗಿ ತಪ್ಪು ದಾರಿ ಹಿಡಿಯುವ ಹಕ್ಕು ಮನುಷ್ಯನಿಗೆ ಉಂಟೆಂದು ವಾದಿಸಿದರು. ಅಪರಾಧಕ್ಕೆ ಶಿಕ್ಷೆಯಾಗಲಿ, ತಪ್ಪು ತಿಳಿವಳಿಕೆಗೆ ಶಿಕ್ಷೆ ಬೇಡ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅಪರಾಧಿಯು ತಪ್ಪು ತಿಳಿದವರ ಗುಂಪಿನಲ್ಲಿ ಅಡಗಿಕೊಳ್ಳುತ್ತಾನೆ ಎಂಬುದು ಅವರ ವಾದದಿಂದ ಹೊರಡುವ ಎಚ್ಚರಿಕೆ. ಆಗಿದ್ದೂ ಹಾಗೆಯೇ.

ಇದೇ ಭೇದವನ್ನು ತತ್ತ್ವಶಾಸ್ತ್ರದ ನೆಲೆಯಲ್ಲಿ ವಿವೇಚಿಸಿದವರು ಕಾರ್ಲ್ ಯಾಸ್ಪರ್ಸ್. ಅವರ ಪತ್ನಿ ಯೆಹೂದಿ ಮನೆತನದವರು. ನಾಜಿ ಆಡಳಿತವು ಯಾಸ್ಪರ್ಸರನ್ನು ಹೈಡೆಲ್‌ಬೆರ್ಗ್ ವಿಶ್ವವಿದ್ಯಾಲಯದಿಂದ ಹೊರಹಾಕಿತ್ತು. ಯುದ್ಧ ಮುಗಿದ ಮೊದಲ ಚಳಿಗಾಲದಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಅವರು ನೀಡಿದ ಉಪನ್ಯಾಸಗಳು 1946ರಲ್ಲಿ ಗ್ರಂಥರೂಪಕ್ಕೆ ಬಂದವು. ಕಾನೂನಿನ ದೃಷ್ಟಿಯ ಅಪರಾಧ, ಪ್ರಜೆಯಾಗಿ ಹೊರಬೇಕಾದ ರಾಜಕೀಯ ಹೊಣೆ, ತನ್ನ ಆತ್ಮಸಾಕ್ಷಿಯೆದುರು ಒಪ್ಪಿಕೊಳ್ಳಬೇಕಾದ ನೈತಿಕ ದೋಷ, ಮನುಷ್ಯನಾಗಿದ್ದೂ ಸುಮ್ಮನೆ ಬದುಕುಳಿದುದರ ಪಾರಮಾರ್ಥಿಕ ದೋಷ ಎಂದು ಅವರು ನಾಲ್ಕು ಬಗೆ ಮಾಡಿದರು. ಮೊದಲನೆಯದಕ್ಕೆ ನ್ಯಾಯಾಲಯ, ಎರಡನೆಯದಕ್ಕೆ ವಿಜೇತರ ಇಚ್ಛೆ ತೀರ್ಪು ಕೊಡಬಹುದು. ಉಳಿದೆರಡರಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ. ಆಡಳಿತವು ಪ್ರಶ್ನಾವಳಿಯಿಂದ ಮಾಡಹೊರಟಿದ್ದು ಈ ನಾಲ್ಕನ್ನೂ ಕಲಸಿ ಐದು ವರ್ಗಗಳ ಪಟ್ಟಿ ಮಾಡುವ ಕೆಲಸ. ಯಾಸ್ಪರ್ಸರ ವಿಚಾರಗಳಿಗೆ ಆಗ ದೊರೆತ ಸ್ಪಂದನ ಅಲ್ಪ. ಅವರು 1948ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ಗೆ ತೆರಳಿದರು.

ಸೋವಿಯತ್ ವಲಯದ ಮಾರ್ಗ ಭಿನ್ನವಾಗಿತ್ತು. ನಾಜಿವಾದವು ಬಂಡವಾಳಶಾಹಿಯ ಫಲವೆಂಬ ನಂಬಿಕೆಯಂತೆ ಅಲ್ಲಿ 1945ರ ಸೆಪ್ಟೆಂಬರಿನಿಂದಲೇ ನೂರು ಹೆಕ್ಟೇರ್ ಮೀರಿದ ಜಮೀನುಗಳ ವಶ, ಉದ್ಯಮಗಳ ರಾಷ್ಟ್ರೀಕರಣ ಆರಂಭವಾದವು. ಶಾಲೆಗಳಿಂದಲೂ ನ್ಯಾಯಾಲಯಗಳಿಂದಲೂ ಹಳಬರನ್ನು ತೆಗೆದು, ಅಲ್ಪಾವಧಿ ತರಬೇತಿ ಕೊಟ್ಟ ಹೊಸಬರನ್ನು ನೇಮಿಸಲಾಯಿತು. ಈ ಅಂಶದಲ್ಲಿ ಪೂರ್ವವು ಪಶ್ಚಿಮಕ್ಕಿಂತ ಹೆಚ್ಚು ಆಮೂಲಾಗ್ರವಾಗಿತ್ತೆಂಬುದನ್ನು ಒಪ್ಪಲೇಬೇಕು. ಆದರೆ ಅದೇ ಬೂಖೆನ್‌ವಾಲ್ಡ್ ಶಿಬಿರವನ್ನು 1945ರಿಂದ 1950ರವರೆಗೆ ಸೋವಿಯತ್ ಆಡಳಿತವು ತನ್ನ ಬಂಧಿಗಳಿಗಾಗಿ ಬಳಸಿತು. ಹಸಿವು, ರೋಗಗಳಿಂದ ಅಲ್ಲಿ 7,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಾಜಿ ಪಕ್ಷದ ಸ್ಥಳೀಯ ಪದಾಧಿಕಾರಿಗಳಿದ್ದಂತೆ ಯಾವ ವಿಚಾರಣೆಯೂ ಇಲ್ಲದೆ ಹಿಡಿದುತಂದವರೂ ಇದ್ದರು. 1948ರಲ್ಲಿ ನಾಜಿ ನಿವಾರಣೆ ಮುಗಿಯಿತೆಂದು ಘೋಷಿಸಿದ ಮೇಲೆ, ಹಿಂದಿನ ನಾಜಿಗಳನ್ನು ಸೆಳೆದುಕೊಳ್ಳಲೆಂದೇ ಒಂದು ಪ್ರತ್ಯೇಕ ಪಕ್ಷ ಅಲ್ಲಿ ಸ್ಥಾಪಿತವಾಯಿತು. ತಾನು ಹುಟ್ಟಿನಿಂದಲೇ ನಾಜಿ ವಿರೋಧಿ ರಾಜ್ಯವೆಂದು ಸಾರಿಕೊಂಡ ಪೂರ್ವ ಜರ್ಮನಿಯು ತನ್ನ ಪ್ರಜೆಗಳ ಹಿಂದಿನ ಬದುಕಿನ ಪ್ರಶ್ನೆಯನ್ನು ಅಲ್ಲಿಗೇ ಮುಚ್ಚಿತು.

ಪಶ್ಚಿಮದಲ್ಲಿ ಪ್ರಶ್ನೆಯನ್ನು ಮುಚ್ಚಿದ ಬಗೆ ಕಾನೂನಿನ ಮೂಲಕ. 1949ರಲ್ಲಿ ಪ್ರಧಾನಿಯಾದ ಕೊನ್ರಾಡ್ ಅಡೆನೌವರ್ ಸ್ವತಃ ನಾಜಿಗಳಿಂದ ಪದಚ್ಯುತರಾಗಿ, ಸೆರೆವಾಸ ಕಂಡವರು. ಹಾಗಿದ್ದೂ, ಅದೇ ವರ್ಷದ ಸೆಪ್ಟೆಂಬರ್ 20ರಂದು ಸಂಸತ್ತಿನಲ್ಲಿ ಮಾಡಿದ ಮೊದಲ ನೀತಿಭಾಷಣದಲ್ಲಿಯೇ ನಾಜಿ ನಿವಾರಣೆಯಿಂದ ಬಹಳ ಕೇಡಾಗಿದೆಯೆಂದರು. ಡಿಸೆಂಬರ್ 31ರಂದು ಮೊದಲ ಕ್ಷಮಾದಾನ ಕಾಯಿದೆ ಜಾರಿಗೆ ಬಂತು. ಜರ್ಮನ್ ಸಂವಿಧಾನದ 131ನೆಯ ವಿಧಿಯು, 1945ರ ಮೇ 8ರಂದು ಸರ್ಕಾರಿ ಸೇವೆಯಲ್ಲಿದ್ದು ಅನಂತರ ಕೆಲಸ ಕಳೆದುಕೊಂಡವರ ಹಕ್ಕುಗಳನ್ನು ಶಾಸನದ ಮೂಲಕ ನಿರ್ಣಯಿಸಬೇಕೆಂದು ಹೇಳಿತ್ತು. ಅದರಂತೆ 1951ರಲ್ಲಿ ರೂಪುಗೊಂಡ ಕಾಯಿದೆಯು, ಪ್ರಧಾನ ಅಪರಾಧಿ ಮತ್ತು ಅಪರಾಧಿ ವರ್ಗಗಳಿಗೆ ಸೇರಿದವರನ್ನು ಬಿಟ್ಟು, ಉಳಿದವರಿಗೆ ಕೆಲಸದ ಬಾಗಿಲನ್ನು ಮತ್ತೆ ತೆರೆಯಿತು. ಸರ್ಕಾರಿ ಕಚೇರಿಗಳು ಶೇಕಡ 20ರಷ್ಟು ಹುದ್ದೆಗಳನ್ನು ಇವರಿಗೆ ಕೊಡಬೇಕಾಗಿತ್ತು. ಪೂರ್ವದ ಪ್ರಾಂತಗಳಿಂದ ನಿರಾಶ್ರಿತರಾಗಿ ಬಂದ ನಿರುಪದ್ರವಿ ನೌಕರರೂ ಇದರ ಫಲಾನುಭವಿಗಳಾಗಿದ್ದರೆಂಬುದನ್ನು ನ್ಯಾಯದ ದೃಷ್ಟಿಯಿಂದ ಹೇಳಬೇಕು. 131 ಪ್ರಶ್ನೆಗಳಿಂದ ಹೊರಹೋದವರು 131ನೆಯ ವಿಧಿಯಿಂದ ಒಳಬಂದರೆಂಬುದು ಕೇವಲ ಕಾಕತಾಳೀಯ. ಆದರೂ ಇಡೀ ಚರಿತ್ರೆಯನ್ನು ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಅಂಕೆ ದೊರೆಯಲಾರದು. ಶುದ್ಧ ನೀರು ಸಿಗುವವರೆಗೆ ಕೊಳಕು ನೀರನ್ನು ಚೆಲ್ಲಲಾಗದು ಎಂಬರ್ಥದ ಮಾತು ಅಡೆನೌವರ್ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಆ ನೀರು ಎಷ್ಟು ಕಾಲ ಉಳಿಯಿತೆಂಬುದಕ್ಕೆ ಜರ್ಮನ್ ನ್ಯಾಯ ಸಚಿವಾಲಯವೇ ನೇಮಿಸಿದ ಇತಿಹಾಸ ಆಯೋಗವು 2016ರಲ್ಲಿ ಉತ್ತರ ಕೊಟ್ಟಿತು: 1957ರಲ್ಲಿ ಆ ಸಚಿವಾಲಯದ ಹಿರಿಯ ಅಧಿಕಾರಿಗಳಲ್ಲಿ ಶೇಕಡ 77 ಮಂದಿ ಹಿಂದೆ ನಾಜಿ ಪಕ್ಷದ ಸದಸ್ಯರಾಗಿದ್ದವರು.

ಈ ಮೌನದಿಂದಲೇ ಪ್ರಜಾಪ್ರಭುತ್ವಕ್ಕೆ ನೆಲೆ ಸಿಕ್ಕಿತು ಎಂಬ ವಾದವನ್ನು ತತ್ತ್ವಜ್ಞ ಹೆರ್ಮನ್ ಲ್ಯೂಬೆ 1983ರಲ್ಲಿ ಮಂಡಿಸಿದರು. ಲಕ್ಷಾಂತರ ಹಿಂಬಾಲಕರನ್ನು ಹೊಸ ರಾಜ್ಯದ ಪ್ರಜೆಗಳಾಗಿ ಮಾರ್ಪಡಿಸಲು ಹಿಂದಿನದನ್ನು ಕೆದಕದಿರುವುದು ಅಗತ್ಯವಾಗಿತ್ತೆಂಬುದು ಅವರ ನಿಲುವು. ಈ ವಾದದಲ್ಲಿ ಹುರುಳಿಲ್ಲದಿಲ್ಲ. ಹೊರಗಿಟ್ಟ 85 ಲಕ್ಷ ಜನರ ಒಂದು ಕಹಿಗೊಂಡ ಸಮುದಾಯವನ್ನು ಕಲ್ಪಿಸಿಕೊಂಡರೆ ಅಡೆನೌವರ್ ಹೆದರಿದ್ದು ಏತಕ್ಕೆಂದು ಅರ್ಥವಾಗುತ್ತದೆ. ಆದರೆ ಆ ಮೌನದ ಬೆಲೆಯನ್ನು ತೆತ್ತವರು ಹಿಂಬಾಲಕರಲ್ಲ. ಅದೇ ಊರುಗಳಿಗೆ ಮರಳಿ ಬಂದು ಹಳೆಯ ಮುಖಗಳನ್ನು ಹಳೆಯ ಕುರ್ಚಿಗಳಲ್ಲಿ ಕಂಡ ಬಲಿಪಶುಗಳು ಅದನ್ನು ತೆತ್ತರು. ಲ್ಯೂಬೆಯವರ ಲೆಕ್ಕದಲ್ಲಿ ಆ ಬಾಬತ್ತು ಕಾಣಿಸುವುದಿಲ್ಲ.

ಮೌನವನ್ನು ಮುರಿದದ್ದು ಮರುನೇಮಕದ ಹಂಬಲವೇ ಎಂಬುದು ಸೋಜಿಗ. 1941ರಲ್ಲಿ ಲಿಥುವೇನಿಯದ ಗಡಿಪ್ರದೇಶದಲ್ಲಿ ಯೆಹೂದ್ಯರ ಸಾಮೂಹಿಕ ಹತ್ಯೆಯಲ್ಲಿ ಪಾಲ್ಗೊಂಡಿದ್ದ ಪೊಲೀಸ್ ಅಧಿಕಾರಿ ಬೆರ್ನ್‌ಹಾರ್ಡ್ ಫಿಷರ್-ಷ್ವೇಡರ್ ಯುದ್ಧಾನಂತರ ಹೆಸರು ಮಾರ್ಪಡಿಸಿಕೊಂಡು ಉಲ್ಮ್ ನಗರದ ಬಳಿ ನಿರಾಶ್ರಿತರ ಶಿಬಿರವೊಂದರ ಮೇಲ್ವಿಚಾರಕನಾಗಿದ್ದನು. ಹಿಂದಿನ ಸಂಗತಿ ಹೊರಬಿದ್ದು ಕೆಲಸ ಹೋದಾಗ, ಮರಳಿ ಕೆಲಸ ಕೊಡಿಸಬೇಕೆಂದು ಆತನೇ ನ್ಯಾಯಾಲಯದ ಮೆಟ್ಟಿಲೇರಿದನು. ದಾವೆಯ ವರದಿ ಪತ್ರಿಕೆಯಲ್ಲಿ ಬಂತು. ಓದಿದವರಿಗೆ ಗುರುತು ಸಿಕ್ಕಿತು. 1958ರಲ್ಲಿ ಉಲ್ಮ್‌ನಲ್ಲಿ ಆತನೂ ಸೇರಿ ಹತ್ತು ಮಂದಿಯ ವಿಚಾರಣೆ ನಡೆಯಿತು. ಪ್ರಶ್ನಾವಳಿಗಳ ರಾಶಿಯು ಹಿಡಿಯಲಾಗದೆ ಹೋದ ಅಪರಾಧಗಳು ಎಷ್ಟಿವೆಯೆಂಬ ಅರಿವು ಆಗ ನ್ಯಾಯಾಂಗಕ್ಕೆ ಮೂಡಿ, ಅದೇ ವರ್ಷದ ಡಿಸೆಂಬರಿನಲ್ಲಿ ಲುಡ್ವಿಗ್ಸ್‌ಬುರ್ಗ್‌ನಲ್ಲಿ ನಾಜಿ ಅಪರಾಧಗಳ ತನಿಖೆಗೆ ಕೇಂದ್ರ ಕಾರ್ಯಾಲಯ ಸ್ಥಾಪಿತವಾಯಿತು.

ಈ ಹಂತದಲ್ಲಿ ಫ್ರಿಟ್ಸ್ ಬೌವರ್ ಅವರ ಪಾತ್ರ ನಿರ್ಣಾಯಕವಾದುದು. 1903ರಲ್ಲಿ ಸ್ಟುಟ್‌ಗಾರ್ಟಿನ ಯೆಹೂದಿ ಕುಟುಂಬದಲ್ಲಿ ಜನಿಸಿದ ಅವರು ಕಿರಿವಯಸ್ಸಿನಲ್ಲಿಯೇ ನ್ಯಾಯಾಧೀಶರಾಗಿದ್ದರು. 1933ರಲ್ಲಿ ಶಿಬಿರದಲ್ಲಿ ಬಂಧಿಯಾಗಿ, ಮುಂದೆ ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ದೇಶಭ್ರಷ್ಟರಾಗಿ ಬದುಕಿ, 1949ರಲ್ಲಿ ಮರಳಿದರು. 1956ರಲ್ಲಿ ಹೆಸ್ಸೆನ್ ಪ್ರಾಂತದ ಮಹಾ ಅಭಿಯೋಜಕರಾದರು. 1959ರ ಆರಂಭದಲ್ಲಿ ಪತ್ರಕರ್ತನೊಬ್ಬ ಅವರಿಗೆ ಕೆಲವು ಹಾಳೆಗಳನ್ನು ಕಳುಹಿಸಿದನು. ಯುದ್ಧದ ಕೊನೆಯಲ್ಲಿ ಬ್ರೆಸ್ಲೌ ನಗರದ ನಾಜಿ ಪೊಲೀಸ್ ನ್ಯಾಯಾಲಯಕ್ಕೆ ಬೆಂಕಿ ಬಿದ್ದಾಗ, ಬದುಕುಳಿದ ಬಂಧಿಯೊಬ್ಬರ ಕೈಸೇರಿ, ಹಲವು ವರ್ಷ ಅವರ ಮನೆಯಲ್ಲಿಯೇ ಉಳಿದಿದ್ದ ಹಾಳೆಗಳವು. ಔಶ್ವಿಟ್ಸ್ ಶಿಬಿರದಲ್ಲಿ ‘ತಪ್ಪಿಸಿಕೊಳ್ಳುವಾಗ’ ಗುಂಡಿಗೆ ಬಲಿಯಾದ ಬಂಧಿಗಳ ವಿವರಗಳೂ ಗುಂಡು ಹಾರಿಸಿದವರ ಹೆಸರುಗಳೂ ಅವುಗಳಲ್ಲಿದ್ದವು. ಈ ಹಾಳೆಗಳನ್ನು ಆಧಾರವಾಗಿಟ್ಟುಕೊಂಡು ಬೌವರ್, ಔಶ್ವಿಟ್ಸ್ ಪ್ರಕರಣವನ್ನು ಫ್ರಾಂಕ್‌ಫರ್ಟ್ ನ್ಯಾಯಾಲಯದ ವ್ಯಾಪ್ತಿಗೆ ತಂದರು.

1963ರ ಡಿಸೆಂಬರ್ 20ರಂದು ಫ್ರಾಂಕ್‌ಫರ್ಟಿನ ನಗರಸಭಾ ಭವನದಲ್ಲಿ ಆರಂಭವಾದ ವಿಚಾರಣೆಯು ಇಪ್ಪತ್ತು ತಿಂಗಳು ನಡೆಯಿತು. ಆರೋಪಿಗಳ ಯುದ್ಧೋತ್ತರ ಬದುಕು ಗಮನಿಸತಕ್ಕದ್ದು: ಶಿಬಿರಾಧಿಪತಿಯ ಸಹಾಯಕನಾಗಿದ್ದ ಮುಲ್ಕ ಹ್ಯಾಂಬರ್ಗಿನಲ್ಲಿ ವ್ಯಾಪಾರಿ, ಔಷಧಾಧಿಕಾರಿಯಾಗಿದ್ದ ಕಪೇಸಿಯುಸ್ ಗ್ಯೋಪ್ಪಿಂಗೆನ್‌ನಲ್ಲಿ ಔಷಧದಂಗಡಿಯ ಮಾಲೀಕ, ಬಂಧಿಗಳನ್ನು ಕ್ರೂರವಾಗಿ ಹಿಂಸಿಸಿ ಕೊಂದ ಕಡುಕ್ ಬರ್ಲಿನಿನ ಆಸ್ಪತ್ರೆಯಲ್ಲಿ ರೋಗಿಗಳ ಪ್ರೀತಿಗೆ ಪಾತ್ರನಾದ ಶುಶ್ರೂಷಕ. ಸುಮಾರು 360 ಸಾಕ್ಷಿಗಳು ನುಡಿದರು. ಅವರಲ್ಲಿ 200ಕ್ಕೂ ಹೆಚ್ಚು ಮಂದಿ ಔಶ್ವಿಟ್ಸ್‌ನಿಂದ ಬದುಕಿಬಂದವರು. ಪ್ರಶ್ನಾವಳಿಯ ಯುಗದಲ್ಲಿ ಆರೋಪಿತನೇ ತನ್ನ ಕಥೆಯನ್ನು ತಾನೇ ಬರೆದು ಕೊಡುತ್ತಿದ್ದನು. ಯೆಹೂದಿ ಬಂಧಿಗೆ ಆ ಕಡತದಲ್ಲಿ ಇದ್ದ ಸ್ಥಾನ ಪರ್ಸಿಲ್ ಚೀಟಿ ಬರೆದುಕೊಡುವವನದು ಮಾತ್ರ. ಫ್ರಾಂಕ್‌ಫರ್ಟಿನಲ್ಲಿ ಮೊದಲ ಬಾರಿಗೆ ಇಷ್ಟೊಂದು ಜನ, ಜರ್ಮನ್ ನ್ಯಾಯಾಲಯದಲ್ಲಿ, ಜರ್ಮನ್ ಪತ್ರಿಕೆಗಳ ಸಮಕ್ಷಮದಲ್ಲಿ, ಯಾರು ಏನು ಮಾಡಿದರೆಂದು ಬೆರಳು ತೋರಿ ಹೇಳಿದರು. ಶಾಲೆಗಳಿಂದ ವಿದ್ಯಾರ್ಥಿಗಳು ಗುಂಪುಗುಂಪಾಗಿ ಬಂದು ಪ್ರೇಕ್ಷಕರ ಸಾಲಿನಲ್ಲಿ ಕುಳಿತರು. 1945ರಲ್ಲಿ ವೈಮಾರಿನ ನಾಗರಿಕರನ್ನು ಪರಕೀಯ ಸೈನಿಕರು ಸಾಲಾಗಿ ನಡೆಸಿಕೊಂಡು ಹೋಗಿ ತೋರಿಸಿದ್ದನ್ನು, ಇವರು ತಮ್ಮ ಭಾಷೆಯಲ್ಲಿ ತಮ್ಮ ನ್ಯಾಯಾಲಯದಲ್ಲಿ ಕುಳಿತು ಕೇಳಿದರು. ನಾಜಿ ನಿವಾರಣೆಯು ನಿಜವಾಗಿ ಎಂದಾದರೂ ಆರಂಭವಾಗಿದ್ದರೆ ಅದು ಈ ಪ್ರೇಕ್ಷಕರ ಸಾಲಿನಲ್ಲಿ ಎಂಬುದು ನನ್ನ ನಿಲುವು.

1965ರ ಆಗಸ್ಟಿನಲ್ಲಿ ಬಂದ ತೀರ್ಪು ಮಾತ್ರ ಬೌವರ್ ಅವರನ್ನು ತೃಪ್ತಿಪಡಿಸಲಿಲ್ಲ. ಕೊನೆಯವರೆಗೆ ಉಳಿದ 20 ಆರೋಪಿಗಳಲ್ಲಿ 17 ಮಂದಿಗೆ ಶಿಕ್ಷೆ, ಅವರಲ್ಲಿ ಆರು ಮಂದಿಗೆ ಜೀವಾವಧಿ, ಮೂವರು ಬಿಡುಗಡೆ. ಔಶ್ವಿಟ್ಸ್ ಎಂಬುದು ಒಂದೇ ಕೊಲೆಯಂತ್ರ, ಅಲ್ಲಿ ದುಡಿದವರೆಲ್ಲ ಆ ಕೊಲೆಯಲ್ಲಿ ಪಾಲುದಾರರು ಎಂಬ ಬೌವರ್ ವಾದವನ್ನು ಒಪ್ಪದೆ, ನ್ಯಾಯಾಲಯವು ಒಬ್ಬೊಬ್ಬನ ಒಂದೊಂದು ಕೃತ್ಯಕ್ಕೂ ಪ್ರತ್ಯೇಕ ಪುರಾವೆ ಕೇಳಿತು. ಬೌವರ್ 1968ರ ಜುಲೈ 1ರಂದು ನಿಧನರಾದರು. ಮೂರು ತಿಂಗಳ ತರುವಾಯ ಜಾರಿಗೆ ಬಂದ ಒಂದು ನೀರಸ ಶೀರ್ಷಿಕೆಯ ಕಾಯಿದೆಯ ಪರಿಣಾಮವಾಗಿ, ಕಚೇರಿಯ ಮೇಜಿನ ಹಿಂದೆ ಕುಳಿತು ಕೊಲೆಗಳಿಗೆ ನೆರವಾದ ಅನೇಕರ ಮೇಲಿನ ಮೊಕದ್ದಮೆಗಳು ಕಾಲಮಿತಿ ಮೀರಿದವೆಂದು ಬಿದ್ದುಹೋದವು. ಆ ಕಾಯಿದೆ ರೂಪುಗೊಂಡ ವಿಭಾಗದ ಹೊಣೆ ಹೊತ್ತಿದ್ದ ಎಡುವಾರ್ಡ್ ಡ್ರೇಯರ್, ಯುದ್ಧಕಾಲದಲ್ಲಿ ಇನ್ಸ್‌ಬ್ರುಕ್‌ನ ನಾಜಿ ವಿಶೇಷ ನ್ಯಾಯಾಲಯದಲ್ಲಿ ಅಭಿಯೋಜಕನಾಗಿದ್ದವನು. ಕೊಲೆಗೆ ಕಾಲಮಿತಿಯೇ ಇಲ್ಲವೆಂದು ಪಶ್ಚಿಮ ಜರ್ಮನಿಯ ಸಂಸತ್ತು ನಿರ್ಧರಿಸಿದ್ದು 1979ರಲ್ಲಿ.

ಕೊನೆಯದಾಗಿ ಮತ್ತೊಂದು ಕಾಗದದ ರಾಶಿಯ ವಿಷಯ. 1945ರ ಏಪ್ರಿಲ್‌ನಲ್ಲಿ ನಾಜಿ ಪಕ್ಷದ ಕೇಂದ್ರ ಕಚೇರಿಯು ತನ್ನ ಸದಸ್ಯರ ನೋಂದಣಿ ಕಾರ್ಡುಗಳನ್ನು ನಾಶಪಡಿಸಲು ಮ್ಯೂನಿಕ್ ಬಳಿಯ ಕಾಗದದ ಗಿರಣಿಗೆ ಕಳುಹಿಸಿತ್ತು. ಗಿರಣಿಯ ವ್ಯವಸ್ಥಾಪಕನು ಅವನ್ನು ತಿರುಳಾಗಿ ಅರೆಯದೆ, ಬೇರೆ ರದ್ದಿಯಡಿ ಮುಚ್ಚಿಟ್ಟು ಉಳಿಸಿದನು. ಅಮೆರಿಕನ್ನರ ಕೈಸೇರಿದ ಆ ಕೋಟಿ ಸಂಖ್ಯೆಯ ಕಾರ್ಡುಗಳು ಬರ್ಲಿನಿನ ದಾಖಲೆ ಕೇಂದ್ರದಲ್ಲಿದ್ದು, 1994ರಲ್ಲಿ ಜರ್ಮನಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಹಸ್ತಾಂತರವಾದವು. ನ್ಯಾಯ ಸಚಿವಾಲಯದ ಆಯೋಗದಂತಹ ಅಧ್ಯಯನಗಳಿಗೆ ಇಂತಹ ದಾಖಲೆಗಳೇ ಆಧಾರ. ಬೌವರ್ ಅವರ ವಾದವು ಕೂಡ 2011ರಿಂದೀಚೆಗೆ ಜರ್ಮನ್ ನ್ಯಾಯಾಲಯಗಳಲ್ಲಿ ಮನ್ನಣೆ ಪಡೆಯತೊಡಗಿತು. 2022ರ ಡಿಸೆಂಬರ್ 20ರಂದು ಇಟ್ಸೆಹೋ ನಗರದ ನ್ಯಾಯಾಲಯವು, ಷ್ಟುಟ್‌ಹೋಫ್ ಶಿಬಿರಾಧಿಪತಿಯ ಕಚೇರಿಯಲ್ಲಿ 1943ರಿಂದ 1945ರವರೆಗೆ ಬೆರಳಚ್ಚುಗಾರ್ತಿಯಾಗಿದ್ದ 97 ವರ್ಷದ ಮಹಿಳೆಯನ್ನು 10,000ಕ್ಕೂ ಮಿಕ್ಕ ಕೊಲೆಗಳಿಗೆ ನೆರವಾದ ಅಪರಾಧಿಯೆಂದು ಘೋಷಿಸಿ, ಎರಡು ವರ್ಷಗಳ ಅಮಾನತು ಶಿಕ್ಷೆ ವಿಧಿಸಿತು. ಕೃತ್ಯದ ಕಾಲದಲ್ಲಿ ಆಕೆ ಹದಿನೆಂಟು ಹತ್ತೊಂಬತ್ತರ ವಯಸ್ಸಿನವಳಾಗಿದ್ದುದರಿಂದ ವಿಚಾರಣೆ ನಡೆದದ್ದು ಬಾಲನ್ಯಾಯ ವಿಭಾಗದಲ್ಲಿ. ಜರ್ಮನಿಯ ಸರ್ವೋಚ್ಚ ನ್ಯಾಯಾಲಯವು 2024ರ ಆಗಸ್ಟಿನಲ್ಲಿ ತೀರ್ಪನ್ನು ಎತ್ತಿಹಿಡಿಯಿತು. ಅಮೆರಿಕನ್ ವಲಯದಲ್ಲಿ 1946ರ ಆಗಸ್ಟಿನಲ್ಲಿ ಘೋಷಿತವಾದ ಯುವಜನರ ಕ್ಷಮಾದಾನವು 1919ರ ಜನವರಿ 1ರ ನಂತರ ಹುಟ್ಟಿದವರಿಗೆ ಅನ್ವಯಿಸುತ್ತಿತ್ತು. ಆಕೆ ಹುಟ್ಟಿದ್ದು 1925ರಲ್ಲಿ.